ಐದನೆಯ ಹಾಸಿಗೆ

"ಐದನೇದಕ್ಕೂ ಆರನೇದಕ್ಕೂ ಯಾರನ್ನಾದ್ರೂ ಮಲಗಿಸಮ್ಮ," ಎಂದರು ದೊಡ್ಡ ಡಾಕ್ಟರು, ಬಾಗಿಲಲ್ಲೇ ನಿಂತು. "ಇನ್ನು ಇಪ್ಪತ್ತು ನಿಮಿಷದಲ್ಲಿ ಫೋಟೋ ಹೋಗ್ಬೇಕು."

ಯಂತ್ರ ನಡೆಸುವ ಹುಡುಗಿಯ ಎರಡೂ ಕೈ ಎರಡನೆಯ ಹಾಸಿಗೆಯ ಕೊಳವೆಗಳ ಮೇಲಿದ್ದವು. ಆ ಹಾಸಿಗೆಯಲ್ಲಿ ನಿವೃತ್ತ ಬಸ್ ಕಂಡಕ್ಟರು ತೋಳು ಚಾಚಿ ಮಲಗಿದ್ದರು. ಅವರ ರಕ್ತ ಒಂದು ಕೊಳವೆಯಲ್ಲಿ ಯಂತ್ರಕ್ಕೆ ಹೋಗಿ, ಶುದ್ಧವಾಗಿ, ಇನ್ನೊಂದರಲ್ಲಿ ವಾಪಸು ಬರುತ್ತಿತ್ತು. ಕೊಳವೆ ಎಲ್ಲೂ ಮಡಚಿಕೊಂಡಿಲ್ಲವೆಂದು ಬೆರಳಿನಿಂದ ಸವರಿ ನೋಡಿ, ಆಮೇಲೆ ತಲೆಯೆತ್ತಿದಳು.

"ಅವೆರಡೂ ಓಡಲ್ಲ ಸರ್."

"ಓಡ್ಸು ಅಂತ ನಾನೆಲ್ಲಂದೆ? ಮಲಗಿಸು ಅಂದೆ."

ಸರ್ಕಾರಿ ಆಸ್ಪತ್ರೆಯ ಆ ಕೋಣೆಯಲ್ಲಿ ಡಯಾಲಿಸಿಸ್ ಯಂತ್ರಗಳು ಆರಿದ್ದವು; ಓಡುತ್ತಿದ್ದುದು ನಾಲ್ಕು. ಐದನೆಯದರ ಪಂಪು ನಿಂತು ಮೂರು ತಿಂಗಳ ಮೇಲಾಗಿತ್ತು. ಅದಾದ ವಾರಕ್ಕೆ ಆರನೆಯದು ಅಡಿಯಿಂದ ನೀರು ಬಿಡತೊಡಗಿತು. ಗುಂಡಿ ಒತ್ತಿದರೆ ಎರಡರ ಪರದೆಯೂ ಬೆಳಗುತ್ತಿತ್ತು, ಹಸಿರು ದೀಪ ಹತ್ತುತ್ತಿತ್ತು, ಅಷ್ಟೆ. ನಾಲ್ಕರಲ್ಲೇ ಎಲ್ಲರನ್ನೂ ಸುಧಾರಿಸಬೇಕಾಗಿ ಬಂದು, ನಾಲ್ಕು ಗಂಟೆ ಮಲಗಬೇಕಾದವರಲ್ಲಿ ಎಷ್ಟೋ ಜನರನ್ನು ಎರಡೂವರೆ ಗಂಟೆಗೇ ಎಬ್ಬಿಸುತ್ತಿದ್ದರು. ನಿನ್ನೆ ಅದು ಪತ್ರಿಕೆಯಲ್ಲಿ ಬಂದಿತ್ತು. ಇವತ್ತು ಹನ್ನೊಂದಕ್ಕೆ ಆರೋಗ್ಯ ಸಚಿವರು ಪತ್ರಕರ್ತರ ಪ್ರಶ್ನೆಗಳಿಗೆ ಉತ್ತರ ಕೊಡುವವರಿದ್ದರು, ಟಿವಿಯಲ್ಲಿ ನೇರವಾಗಿ. ಅವರ ಕಚೇರಿಯಿಂದ ಫೋನು ಬಂದಿತ್ತು: ಆರು ಯಂತ್ರ, ಆರು ರೋಗಿ, ಒಂದೇ ಫೋಟೋದಲ್ಲಿ.

ಅವಳನ್ನು ಎಲ್ಲರೂ ಮೆಷಿನ್ ಹುಡುಗಿ ಎನ್ನುತ್ತಿದ್ದರು. ಮಾತು ಕಡಿಮೆ. ರೋಗಿ ಒಳಗೆ ಬರುವಾಗಲೇ ಕಣಕಾಲು ನೋಡಿ, ಚಪ್ಪಲಿಯ ಪಟ್ಟಿ ಎಷ್ಟು ಒತ್ತಿದೆ ಎಂದು ನೋಡಿ, ಮೈಯಲ್ಲಿ ಎಷ್ಟು ನೀರು ನಿಂತಿದೆಯೆಂದು ಅಂದಾಜು ಮಾಡುತ್ತಿದ್ದಳು. ತೂಕದ ಯಂತ್ರ ಆಮೇಲೆ ಅದನ್ನೇ ಹೇಳುತ್ತಿತ್ತು.

"ಎರಡು ಕೆಟ್ಟಿವೆ ಅಂತ ಅವರಿಗೆ ಹೇಳಿಬಿಟ್ರೆ ಆಗಲ್ವಾ ಸರ್?" ಎಂದಳು, ಕೊಳವೆಯನ್ನೇ ನೋಡುತ್ತ.

ದೊಡ್ಡ ಡಾಕ್ಟರು ಹತ್ತಿರ ಬಂದು ದನಿ ತಗ್ಗಿಸಿದರು. "ಹೇಳ್ಬೋದು. ಯಾವತ್ತಿಂದ ಅಂತ ಕೇಳ್ತಾರೆ. ಆಗ ದಿನದ ವರದಿ ತೆಗೀತಾರೆ. ಅದರಲ್ಲಿ ಏನಿದೆ?"

ಅದರಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿತ್ತು. 'ಯಂತ್ರಗಳ ಸಂಖ್ಯೆ' ಎಂಬ ಒಂದೇ ಕಾಲಂ. ಕೆಟ್ಟಿದ್ದಕ್ಕೆ ಜಾಗವೇ ಇರಲಿಲ್ಲ. ಮೊದಲ ದಿನ ಕಚೇರಿಯ ಗುಮಾಸ್ತರನ್ನು ಕೇಳಿದ್ದಳು. "ಯಂತ್ರ ಅಲ್ಲೇ ಇದೆ ತಾನೆ? ಓಡಿಹೋಗಿಲ್ಲವಲ್ಲ? ಆರು ಅಂತ ಬರಿ," ಎಂದು ಅವರು ನಕ್ಕಿದ್ದರು. ಅವಳು ದಿನಾ ಆರು ಎಂದು ಬರೆದು, ಕೆಳಗೆ ಸಹಿ ಮಾಡುತ್ತ ಬಂದಿದ್ದಳು. ತೊಂಬತ್ತನಾಲ್ಕು ಸಹಿಗಳು.

"ನಾನು ಬಿಡಿಭಾಗಕ್ಕೆ ಮೂರು ಸಲ ಬರೆದೆ," ಎಂದರು ಡಾಕ್ಟರು. ಸುಳ್ಳಲ್ಲ, ಆ ಕಾಗದಗಳನ್ನು ಅವಳೂ ನೋಡಿದ್ದಳು. "ಉತ್ತರ ಬರಲಿಲ್ಲ. ಈಗ ಕುತ್ತಿಗೆಗೆ ಬಂದ್ರೆ ನನ್ನ ಕಾಗದ ಯಾರೂ ಓದಲ್ಲ, ನಿನ್ನ ಸಹಿ ಓದ್ತಾರೆ. ಮುಂದಿನ ತಿಂಗಳು ನಿನ್ನ ಗುತ್ತಿಗೆ ಮುಗಿಯುತ್ತೆ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಮನೆಯಲ್ಲಿ ಅವ್ವ ದಿನಾ ಸಂಜೆ ಕೇಳುವುದು ಅದೊಂದೇ. ಮುಂದಿನ ವರ್ಷಕ್ಕೆ ಆಯ್ತೇನೇ? ಆಗಿಲ್ಲ ಎಂದರೆ ಅವ್ವ ಪಾತ್ರೆ ಸದ್ದು ಮಾಡುತ್ತಿದ್ದಳು. ಅಪ್ಪ ಹೋದ ಮೇಲೆ ಆ ಮನೆಗೆ ಬರುವ ಸಂಬಳ ಇದೊಂದೇ.

ಹೊರಗಿನ ಬೆಂಚಿನಲ್ಲಿ ಟೈಲರಕ್ಕ ಕೂತಿದ್ದಳು. ಅವಳ ಡಯಾಲಿಸಿಸ್ ಸರದಿ ಮಧ್ಯಾಹ್ನ ಎರಡಕ್ಕೆ. ಮನೆಯಲ್ಲಿ ಮಲಗಿದರೆ ಉಸಿರಾಡಲು ಆಗುವುದಿಲ್ಲವೆಂದು ಬೆಳಗಿನಿಂದ ಬಂದು ಗೋಡೆಗೆ ಒರಗಿದ್ದಳು. ಕಣಕಾಲು ಊದಿಕೊಂಡು, ಬೆರಳಿಟ್ಟರೆ ಗುಳಿ ಬೀಳುವಂತಿತ್ತು.

"ಅಕ್ಕಾ, ಒಳಗೆ ಬಂದು ಐದರಲ್ಲಿ ಸ್ವಲ್ಪ ಮಲಗ್ತೀರಾ?"

ಟೈಲರಕ್ಕನ ಮುಖ ಅರಳಿತು. "ಸರಿಯಾಯ್ತಾ ಅದು?"

"ಇಲ್ಲ. ಫೋಟೋಗೆ."

ಟೈಲರಕ್ಕ ಅವಳ ಭುಜ ಹಿಡಿದುಕೊಂಡು ಎದ್ದಳು.

ಆರನೆಯದಕ್ಕೆ ಯಾರೂ ಸಿಗದೆ ವಾಚ್‌ಮನ್‌ನನ್ನೇ ಕರೆತಂದರು. ಅವನು ಬೂಟು ಹಾಕಿಕೊಂಡೇ ಮಲಗಿ, ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡ. "ನನಗೇನೂ ಚುಚ್ಚಲ್ಲ ತಾನೆ?" ಎಂದ.

"ಚುಚ್ಚಿದ್ರೂ ನಿನ್ನಲ್ಲಿ ಬರೋದು ಟೀನೇ," ಎಂದರು ಕಂಡಕ್ಟರು ತಮ್ಮ ಹಾಸಿಗೆಯಿಂದ. "ಹೊಸ ಪ್ಯಾಸೆಂಜರು, ಸ್ವಲ್ಪ ಕಾಲು ಮಡಚಿಕೊಳ್ಳಪ್ಪ. ಬೂಟು ಕಾಣ್ತಿದೆ."

ಅವಳು ಟೈಲರಕ್ಕನ ತೋಳಿಗೆ ಖಾಲಿ ಕೊಳವೆ ಇಟ್ಟು, ಪಟ್ಟಿ ಅಂಟಿಸಿದಳು. ಕೊಳವೆಯಲ್ಲಿ ರಕ್ತವಿಲ್ಲದ್ದು ಕಾಣದಂತೆ ಹೊದಿಕೆಯ ಅಂಚನ್ನು ಮೇಲೆಳೆದಳು. ಕೈ ತನ್ನಷ್ಟಕ್ಕೆ ಕೆಲಸ ಮಾಡಿತು. ತಲೆ ತಗ್ಗಿಸಿಯೇ ಇದ್ದಳು.

"ಹೇಗೂ ಮಲಗಿಸಿದೀಯಲ್ಲ ಪುಟ್ಟ," ಎಂದಳು ಟೈಲರಕ್ಕ, ಎರಡು ಉಸಿರಿನ ನಡುವೆ. "ನಿಜವಾಗ್ಲೂ ಹಾಕ್ಬಿಡು."

ದೊಡ್ಡ ಡಾಕ್ಟರು ಮೂಲೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ಫೋಟೋ ತೆಗೆದರು. ಮೂರನೆಯ ಸಲಕ್ಕೆ ಸರಿಬಂತು. ಅದನ್ನು ಕಳಿಸಿ, "ಟಿವಿ ಮುಗಿಯೋವರೆಗೂ ಯಾರೂ ಏಳ್ಬೇಡಿ. ವಿಡಿಯೋ ಕೇಳಿದ್ರೂ ಕೇಳ್ಬೋದು," ಎಂದರು. ಟೈಲರಕ್ಕನಿಗೆ ಚಪ್ಪಟೆ ಮಲಗಲು ಆಗುತ್ತಿರಲಿಲ್ಲ. ಹುಡುಗಿ ಅವಳ ತಲೆಯಡಿಗೆ ಇನ್ನೊಂದು ದಿಂಬು ಕೊಟ್ಟಳು.

ಹನ್ನೊಂದಕ್ಕೆ ಗೋಡೆಯ ಟಿವಿಯಲ್ಲಿ ಸಚಿವರು ಬಂದರು. ಉದ್ದನೆಯ ಮೇಜು, ಹತ್ತಾರು ಮೈಕು, ಇಸ್ತ್ರಿ ಮುರಿಯದ ಬಿಳಿ ಅಂಗಿ. ಔಷಧಿ ಇದೆಯೇ ಎಂದರೆ ಇದೆ ಎಂದರು. ಆಂಬುಲೆನ್ಸ್ ತಡವೇಕೆ ಎಂದರೆ ರಸ್ತೆ ತಮ್ಮ ಇಲಾಖೆಯದಲ್ಲ ಎಂದರು, ಪತ್ರಕರ್ತರು ನಕ್ಕರು. ಮಾತು ಬಲ್ಲವರು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬಾಕೆ ಎದ್ದು ಡಯಾಲಿಸಿಸ್ ಮಾತು ತೆಗೆದಳು. ಸಚಿವರು ಅದಕ್ಕೇ ಕಾದಿದ್ದವರಂತೆ ತಮ್ಮ ಫೋನನ್ನು ಕ್ಯಾಮೆರಾಗೆ ಹಿಡಿದರು.

"ನೋಡಿ. ಆರು ಯಂತ್ರ, ಆರು ಜನ. ಈಗ ಹತ್ತು ನಿಮಿಷದ ಹಿಂದಿನದು."

"ಫೋಟೋ ನೋಡಿದ್ರೆ ಯಂತ್ರ ಓಡ್ತಿದೆ ಅಂತ ಹೇಗೆ ಗೊತ್ತಾಗುತ್ತೆ ಸರ್?" ಎಂದಳು ಆಕೆ.

ಸಭೆಯಲ್ಲಿ ಗುಜುಗುಜು. ಸಚಿವರು ನಕ್ಕರು. "ನಿಮಗೆ ಫೋಟೋನೂ ಸಾಲಲ್ಲ. ಸರಿ, ಕೇಳೇಬಿಡೋಣ. ನಿಮ್ಮೆದುರಿಗೇ."

ದೊಡ್ಡ ಡಾಕ್ಟರ ಕೈಯಲ್ಲಿ ಫೋನು ಬಡಿದುಕೊಂಡಿತು. ಅವರು ಅದನ್ನು ಕೆಂಡ ಹಿಡಿದವರಂತೆ ಹಿಡಿದು, ಸ್ಪೀಕರ್ ಒತ್ತಿ, "ನಮಸ್ಕಾರ ಸರ್," ಎಂದರು.

"ನೀವಲ್ಲ ಡಾಕ್ಟ್ರೇ. ನಿಮ್ಮನ್ನ ಕೇಳಿದ್ರೆ ನಾನೇ ಹೇಳಿಕೊಟ್ಟೆ ಅಂತಾರೆ ಇವರು. ಯಂತ್ರ ನಡೆಸ್ತಾರಲ್ಲ, ಅವರಿಗೆ ಕೊಡಿ."

ಫೋನು ಅವಳ ಮುಂದೆ ಬಂತು. ಡಾಕ್ಟರು ತುಟಿಯಲ್ಲೇ, ಸದ್ದಿಲ್ಲದೆ, ಆರು ಎಂದರು.

"ಹಲೋ," ಎಂದಳು. ಎರಡು, ಮೂರು ಕ್ಷಣ ಬಿಟ್ಟು ಟಿವಿಯೊಳಗಿಂದ ಯಾರೋ ಅವಳದೇ ದನಿಯಲ್ಲಿ ಹಲೋ ಎಂದರು. ಟಿವಿಯ ಪ್ರಸಾರ ಅಷ್ಟು ತಡವಾಗಿ ಬರುತ್ತಿತ್ತು.

"ಏನಮ್ಮ, ಹೆದರ್ಕೋಬೇಡ. ನಿಮ್ಮಲ್ಲಿ ಎಷ್ಟು ಯಂತ್ರ ಇವೆ?"

"ಆರು ಸರ್."

ಡಾಕ್ಟರು ಉಸಿರು ಬಿಟ್ಟರು. ಮೂರು ಕ್ಷಣದ ಮೇಲೆ ಟಿವಿಯೂ ಆರು ಎಂದಿತು. ಸಚಿವರು ಅಲ್ಲಿಗೆ ನಿಲ್ಲಿಸಿದ್ದರೆ ಮುಗಿಯುತ್ತಿತ್ತು. ಆದರೆ ಅವರಿಗೆ ಹುರುಪು ಬಂದಿತ್ತು.

"ಕೇಳಿದ್ರಲ್ಲ? ಈಗ ನಿನ್ನೆದುರಿಗೆ ಯಾರಿದಾರಮ್ಮ?"

"ಟೈಲರಕ್ಕ ಸರ್."

"ಹೇಗಿದಾರಂತೆ? ಆರಾಮಾಗಿದಾರಾ?"

ಅವಳು ಟೈಲರಕ್ಕನನ್ನು ನೋಡಿದಳು. ಟೈಲರಕ್ಕ ಅವಳಿಂದ ಏನನ್ನೂ ಬೇಡುತ್ತಿರಲಿಲ್ಲ. ಕಣ್ಣು ಮುಚ್ಚಿದ್ದಳು. ಕುತ್ತಿಗೆಯ ಗುಳಿ ಒಳಗೆ ಹೋಗುವುದು, ಹೊರಗೆ ಬರುವುದು. ಅಷ್ಟೇ ಅವಳಿಗೆ ಕಾಣುತ್ತಿದ್ದುದು.

"ಉಸಿರಾಡಕ್ಕೆ ಕಷ್ಟ ಆಗ್ತಿದೆ ಸರ್," ಎಂದಳು. "ಅವರನ್ನಿನ್ನೂ ಮೆಷಿನ್‌ಗೆ ಹಾಕಿಲ್ಲ. ಆ ಮೆಷಿನ್ ಓಡಲ್ಲ. ಫೋಟೋಗೆ ಮಲಗಿಸಿದ್ದು."

ಟಿವಿಯಲ್ಲಿ ಸಚಿವರು ಇನ್ನೂ ನಗುತ್ತಲೇ ಇದ್ದರು, ಆರಾಮಾಗಿದಾರಾ ಎನ್ನುತ್ತಿದ್ದರು. ಕೋಣೆಯಲ್ಲಿದ್ದವರೆಲ್ಲ ಆ ನಗುವನ್ನೇ ನೋಡುತ್ತ ಕೂತರು. ಆಡಿದ ಮಾತು ಆಡಿಯಾಗಿತ್ತು, ಅದು ಟಿವಿಗೆ ತಲುಪುವುದೊಂದು ಬಾಕಿ. ವಾಚ್‌ಮನ್ ಎದ್ದು ಕೂತ. ಆಮೇಲೆ ಅವಳ ಸಣ್ಣ ದನಿ ಮೈಕುಗಳ ನಡುವೆ ಹೊರಟಿತು, ಒಂದೊಂದೇ ಪದ, ಸ್ಪಷ್ಟವಾಗಿ. ಸಚಿವರ ನಗು ಅಲ್ಲೇ ಉಳಿಯಿತು. ಕಣ್ಣು ಮಾತ್ರ ಬದಲಾಯಿತು.

ಅವರು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. "ನೋಡಿ, ನಾನು ನೇರವಾಗಿ ಕೇಳೋದೇ ಇದಕ್ಕೆ," ಎಂದರು ಪತ್ರಕರ್ತರ ಕಡೆ ತಿರುಗಿ. "ನಾಳೆ ಸಂಜೆಯೊಳಗೆ ಇಂಜಿನಿಯರ್ ಅಲ್ಲಿರ್ತಾರೆ. ಫೋಟೋ ಕಳಿಸಿದವರನ್ನೂ ವಿಚಾರಿಸ್ತೀನಿ." ಫೋನು ಕಟ್ಟಾಯಿತು. ಟಿವಿಯಲ್ಲಿ ಒಂದೇ ಸಲ ಹತ್ತು ಜನ ಪ್ರಶ್ನೆ ಕೇಳತೊಡಗಿದರು. ಯಾರೋ ರಿಮೋಟ್ ಹುಡುಕಿ ಅದರ ಸದ್ದು ಅಡಗಿಸಿದರು.

"ಆರು ಅಂತ ಹೇಳಿ ಸುಮ್ಮನಾಗಿದ್ದೆಯಲ್ಲಮ್ಮ," ಎಂದರು ಡಾಕ್ಟರು. ಬೈಗುಳವಲ್ಲ. ಅವರ ಮುಖದಲ್ಲಿ ರಕ್ತವಿರಲಿಲ್ಲ.

"ಅವರು ಮತ್ತೆ ಕೇಳಿದ್ರು ಸರ್."

"ನಾಳೆ ಸಂಜೆ," ಎಂದಳು ಟೈಲರಕ್ಕ, ಕಣ್ಣು ತೆರೆಯದೆ. ಮುಂದಿನ ಮಾತಿಗೆ ಉಸಿರು ಸಾಲಲಿಲ್ಲ.

ಕಂಡಕ್ಟರು ಬಿಡುವಿದ್ದ ಕೈಯಿಂದ ಮಂಚದ ಸರಳನ್ನು ಟಕ್ ಟಕ್ ಎಂದು ಬಡಿದರು. "ನನ್ನ ಸ್ಟಾಪ್ ಬಂತು. ಇಳಿಸಮ್ಮ."

"ನಿಮಗಿನ್ನೂ ಐವತ್ತು ನಿಮಿಷ ಇದೆ."

"ಮೂವತ್ತೆರಡು ವರ್ಷ ನಿಂತುಕೊಂಡೇ ಹೋದವನು ನಾನು. ಐವತ್ತು ನಿಮಿಷ ಯಾವ ಲೆಕ್ಕ? ಆಯಮ್ಮನ್ನ ಹತ್ತಿಸು."

ಅವಳು ಪರದೆ ನೋಡಿದಳು. ತೆಗೆಯಬೇಕಾದ ನೀರು ಹೆಚ್ಚುಕಡಿಮೆ ಬಂದಿತ್ತು. ರಕ್ತದೊತ್ತಡ ನೋಡಿದಳು, ಮತ್ತೊಮ್ಮೆ ನೋಡಿದಳು. ಇದನ್ನು ಒಪ್ಪಬೇಕಾದವರು ಡಾಕ್ಟರು. ಅವರ ಕಡೆ ತಿರುಗಿದಳು. ಅವರು ತಲೆಯಾಡಿಸಿದರೋ ಇಲ್ಲವೋ, ಅಷ್ಟರಲ್ಲಿ ಕೈಯಲ್ಲಿದ್ದ ಫೋನು ಮತ್ತೆ ಬಡಿದುಕೊಂಡಿತು. ಕಾರಿಡಾರಿಗೆ ಹೋದರು.

ಯಂತ್ರದಲ್ಲಿದ್ದ ರಕ್ತವನ್ನೆಲ್ಲ ಕಂಡಕ್ಟರ ಮೈಗೆ ಹಿಂದಿರುಗಿಸಿ, ಒಂದು ಸೂಜಿ ತೆಗೆದು ಒತ್ತಿ, ಅದು ನಿಂತ ಮೇಲೆ ಇನ್ನೊಂದನ್ನು ತೆಗೆದಳು. ಹತ್ತಿಯ ಮೇಲೆ ಹೆಬ್ಬೆರಳಿಟ್ಟಳು. ಬಾಗಿಲ ಗಾಜಿನಾಚೆ ದೊಡ್ಡ ಡಾಕ್ಟರು ಕಾಣುತ್ತಿದ್ದರು. ಯಾರೂ ಎದುರಿಗಿಲ್ಲದಿದ್ದರೂ ನೆಟ್ಟಗೆ ನಿಂತು, ಎಡಗೈಯನ್ನು ಪ್ಯಾಂಟಿಗೆ ಅಂಟಿಸಿಕೊಂಡು, ಪ್ರತಿ ಮಾತಿಗೂ ತಲೆ ಬಗ್ಗಿಸುತ್ತಿದ್ದರು. ಒಂದು ಸಲ ಗಾಜಿನ ಮೂಲಕ ಅವಳನ್ನು ನೋಡಿದರು. ಆಮೇಲೆ ಬಾಗಿಲು ತೆರೆದು ಒಳಬಂದರು.

"ಸಚಿವರ ಕಚೇರಿಯವರು. ನಿನ್ನ ಹೆಸರು, ಯಾವತ್ತು ಸೇರಿದ್ದು, ಎಲ್ಲ ಕೇಳ್ತಿದಾರೆ. ನಿನ್ನ ಹತ್ರಾನೇ ಮಾತಾಡ್ಬೇಕಂತೆ."

"ಬೆರಳು ತೆಗೆಯೋ ಹಾಗಿಲ್ಲ ಸರ್," ಎಂದಳು. "ಯಂತ್ರ ತೊಳೆಯಕ್ಕೆ ಬೇರೆ ಹಾಕ್ಬೇಕು. ಇಪ್ಪತ್ತು ನಿಮಿಷ ಹಿಡಿಯುತ್ತೆ. ಅಕ್ಕನ ತೂಕ ತಗೋಬೇಕು."

ಡಾಕ್ಟರು ಟೈಲರಕ್ಕನ ಕಡೆ ನೋಡಿದರು. ಆ ಕೋಣೆಗೆ ಬಂದಾಗಿನಿಂದ ಅವರು ಅವಳನ್ನು ಸರಿಯಾಗಿ ನೋಡಿದ್ದು ಆಗಲೇ ಇರಬೇಕು. ಫೋನಿನೊಳಗಿಂದ ಹಲೋ, ಹಲೋ ಎಂಬ ದನಿ ಬರುತ್ತಿತ್ತು. ಅವರು ಅದನ್ನು ಕಂಡಕ್ಟರ ಕಾಲ ಬಳಿ ಹೊದಿಕೆಯ ಮೇಲೆ ಮಗುಚಿಟ್ಟರು. ಅಂಗಿಯ ತೋಳು ಮಡಚಿದರು, ಪೆಟ್ಟಿಗೆಯಿಂದ ಕೈಗವಸು ಎಳೆದು ಹಾಕಿಕೊಂಡರು, ಸ್ಟೂಲನ್ನು ಕಾಲಿನಿಂದ ಹತ್ತಿರಕ್ಕೆ ತಂದು ಕೂತರು.

"ಎಲ್ಲಿ, ಬಿಡು," ಎಂದು ಅವಳ ಹೆಬ್ಬೆರಳಿನ ಪಕ್ಕದಲ್ಲೇ ತಮ್ಮದನ್ನು ತಂದಿಟ್ಟರು. "ಎಷ್ಟು ಹೊತ್ತು ಒತ್ತಬೇಕು?"

"ಹತ್ತು ನಿಮಿಷ ಸರ್. ನಡುವೆ ಎತ್ತಿ ನೋಡ್ಬೇಡಿ."

ಅವಳು ಬೆರಳನ್ನು ಮೆಲ್ಲಗೆ ಜಾರಿಸಿದಳು. ಅವರದು ಆ ಜಾಗಕ್ಕೆ ಬಂತು. ಹತ್ತಿ ಬೆಳ್ಳಗೇ ಉಳಿಯಿತು.