ಎರವಲು ತಂದ ತೊಲೆ

ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಹೆಲಿಕಾಪ್ಟರ್ ಮತ್ತೆ ಹಾರತೊಡಗಿತು. ಹಿಂದಿನ ದಿನವೆಲ್ಲ, ಸತ್ತವನ ಗೌರವಕ್ಕೆಂದು, ಅದನ್ನು ನಿಲ್ಲಿಸಿದ್ದರು. ಈಗ ಹೊಳೆಯಾಚೆಯ ಕಾಲ್ಟ್‌ಬಾಖ್ ಊರಿನ ಗುಡ್ಡಕ್ಕೆ, ಜನರನ್ನು ತೂಗುಕುರ್ಚಿಗಳಲ್ಲಿ ಮೇಲೊಯ್ಯುವ ಹೊಸ ಚೇರ್‌ಲಿಫ್ಟ್‌ನ ಕಂಬಗಳನ್ನು ಒಂದೊಂದಾಗಿ, ಗಿಡುಗ ಹಾವನ್ನು ಒಯ್ದಂತೆ, ತೂಗಾಡಿಸುತ್ತ ಒಯ್ಯುತ್ತಿತ್ತು.

ಮೇನಾ ಕಾಫಿ ಕುಡಿದಳು. ಅದು ಬಿಸಿಯಾಗಿತ್ತೋ ತಣ್ಣಗಿತ್ತೋ ಗೊತ್ತಾಗಲಿಲ್ಲ. ಅವಳ ಗಂಡ ರೋಮೆಡ್ ಇಳಿಜಾರಿನಲ್ಲಿ ಹುಲ್ಲು ಕೊಯ್ಯುತ್ತಿದ್ದವನು ಯಂತ್ರದ ಪಕ್ಕದಲ್ಲೇ ಕುಸಿದು, ಎದೆಬಡಿತ ನಿಂತು ಹೋಗಿಬಿಟ್ಟಿದ್ದ. ಅಂದಿನಿಂದ ಅವಳಿಗೆ ಯಾವುದೂ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಅಳುವೂ ಬಂದಿರಲಿಲ್ಲ. ಊರಿನವರು ಅದನ್ನೇ ಧೈರ್ಯ ಎಂದುಕೊಂಡಿದ್ದರು.

ಹೊರಗೆ ಗೋಡೆಯುದ್ದಕ್ಕೂ ಹಾಕಿದ್ದ ಬೆಂಚಿನ ಮೇಲೆ ಕಂಬಳಿಗಳು ಇಬ್ಬನಿಯಲ್ಲಿ ನೆಂದು ಬಿದ್ದಿದ್ದವು. ಆ ಬೆಂಚನ್ನು ರೋಮೆಡ್ ಸಾಯುವುದಕ್ಕೆ ಸ್ವಲ್ಪ ದಿನ ಮುಂಚೆ ಎರಡು ಮರದ ದಿಮ್ಮಿಗಳ ಮೇಲೆ ಕೂರಿಸಿದ್ದ. ಮೇನಾ ಕಂಬಳಿಗಳನ್ನು ಎಳೆದಳು. ತುದಿಗೆ ಸುತ್ತಿದ್ದ ಗೋಣಿಚೀಲವೂ ಜೊತೆಗೇ ಜಾರಿ ಬಂತು. ಅದರ ಕೆಳಗೆ ಮರದಲ್ಲಿ ಬರೆ ಹಾಕಿ ಮೂಡಿಸಿದ ಮುದ್ರೆ: ಕಾಲ್ಟ್‌ಬಾಖ್ ಚೇರ್‌ಲಿಫ್ಟ್, ಈ ವರ್ಷದ ಇಸವಿ.

ಅವಳು ನಿಂತಲ್ಲೇ ನಿಂತಳು. ಅದು ಬೆಂಚಲ್ಲ, ತೊಲೆ.

ಆ ಕಣಿವೆಯಲ್ಲಿ ಯಾವ ಕಟ್ಟಡ ಎದ್ದರೂ ಚಾವಣಿಯ ನೆತ್ತಿಯ ತೊಲೆಯನ್ನು ಮೇಲೇರಿಸುವವರೆಗೆ ಕಾವಲು ಕಾಯಬೇಕು. ಕಣ್ಣು ತಪ್ಪಿತೋ, ಪಕ್ಕದ ಊರಿನವರು ಹೊತ್ತೊಯ್ಯುತ್ತಾರೆ. ಅದನ್ನು ಯಾರೂ ಕಳವು ಎನ್ನುವುದಿಲ್ಲ, ಎರವಲು ಎನ್ನುತ್ತಾರೆ. ಕಳೆದುಕೊಂಡವರು ಬಂದು ಕೇಳಬೇಕು, ಬಾಯಿ ನೋಯುವವರೆಗೆ ಚೌಕಾಸಿ ಮಾಡಬೇಕು, ಮಾಂಸ ಬಿಯರ್‌ಗಳಿಗೆ ಒಪ್ಪಬೇಕು. ಆಮೇಲೆ ಒಯ್ದವರೇ ಹೆಗಲ ಮೇಲೆ ಹೊತ್ತು ತಂದು ಒಪ್ಪಿಸಬೇಕು. ಪೊಲೀಸಿನವನು ನಡುವೆ ಬರುವುದಿಲ್ಲ. ಸಾಮಾನ್ಯವಾಗಿ ಒಂದು ತುದಿ ಅವನ ಹೆಗಲ ಮೇಲೇ ಇರುತ್ತದೆ.

ಕಾಲ್ಟ್‌ಬಾಖ್‌ನ ಲಿಫ್ಟ್ ನಿಲ್ದಾಣದ ತೊಲೆ ಮಾಯವಾದದ್ದು ಎಲ್ಲರಿಗೂ ಗೊತ್ತಿತ್ತು. ಅದು ತಮ್ಮ ಲೆರ್ಖೆನ್ ಊರಿನವರ ಕೆಲಸ ಎಂಬುದೂ ಗೊತ್ತಿತ್ತು. ಎಲ್ಲಿದೆ ಎಂದು ಮಾತ್ರ ರೋಮೆಡ್ ಹೆಂಡತಿಗೂ ಹೇಳಿರಲಿಲ್ಲ. "ನೀನು ಶತ್ರುವಿನ ಸಂಬಳ ತಿನ್ನೋಳು" ಎಂದು ಕಣ್ಣು ಮಿಟುಕಿಸಿದ್ದ. ಇನ್ಸ್‌ಬ್ರುಕ್‌ನಲ್ಲಿ ಭೂಮಾಪನ ಓದಿ ಬಂದ ಮೇನಾ ಆ ಲಿಫ್ಟಿನ ಕೆಲಸದಲ್ಲೇ ಇದ್ದಳು. ಕಂಬಗಳು ಒಂದೇ ಗೆರೆಯಲ್ಲಿ ನಿಂತಿವೆಯೇ ಎಂದು ನೋಡುವುದು ಅವಳ ಕೆಲಸ.

ಅಷ್ಟರಲ್ಲಿ ವಿಗಿಲ್ ಟ್ರ್ಯಾಕ್ಟರ್ ತಂದ. ಅವನು ಊರಿನ ಅಗ್ನಿಶಾಮಕ ದಳದ ಮುಖ್ಯಸ್ಥ, ರೋಮೆಡ್‌ನ ಜೀವದ ಗೆಳೆಯ. ನಿನ್ನೆ ಮಣ್ಣಾದ ಮೇಲಿನ ಊಟಕ್ಕೆ ಕೊಟ್ಟಿದ್ದ ಮೇಜುಗಳನ್ನು ಒಯ್ಯಲು ಬಂದಿದ್ದವನು ಮುದ್ರೆಯನ್ನೂ ಅವಳ ಮುಖವನ್ನೂ ನೋಡಿ ಟೋಪಿ ತೆಗೆದ.

"ಎಲ್ಲಿ ಬಚ್ಚಿಡೋದು ಹೇಳು ಮೇನಾ? ಕೊಟ್ಟಿಗೆ, ಅಟ್ಟ, ಕೊನೆಗೆ ಚರ್ಚಿನ ಗಂಟೆಗೋಪುರನೂ ಬಿಡದೆ ಹುಡುಕಿದ್ರು. ರೋಮೆಡ್ ಅಂದ, ಕಣ್ಣೆದುರಿಗೇ ಇಡೋಣ, ಕಾಲ್ಟ್‌ಬಾಖ್‌ನೋರು ಕಣ್ಣೆದುರಿಗಿರೋದನ್ನ ಯಾವತ್ತು ನೋಡಿದಾರೆ ಅಂತ."

"ನಿನ್ನೆ ಕಾಸಿಯಾನ್ ಇದರ ಮೇಲೆ ಕೂತಿದ್ದ." ಕಾಸಿಯಾನ್ ಆ ಲಿಫ್ಟ್ ಕೆಲಸದ ಮೇಸ್ತ್ರಿ.

"ಅವನೊಬ್ಬನೇನಾ? ಆ ಊರಿನೋರೆಲ್ಲ ಸಾಲಾಗಿ ಕೂತಿದ್ರು. ಹೂವಿನ ಚಕ್ರ ತಂದೋರನ್ನ ಏಳ್ರಪ್ಪಾ ಅನ್ನಕ್ಕಾಗುತ್ತಾ? ಕಾಸಿಯಾನ್ ಸಾಸೇಜ್ ಅಗೀತಾ ನನ್ನ ಕಡೆ ತಿರುಗಿ 'ಬೆಂಚು ಗಟ್ಟಿಯಾಗಿದೆ' ಅಂದ. ನಾನು ಕರ್ಚೀಫಲ್ಲಿ ಮುಖ ಮುಚ್ಕೊಂಡೆ. ಪಾಪ, ಅಳ್ತಿದೀನಿ ಅಂತ ಬೆನ್ನು ಸವರಿದ."

ಮೇನಾಳ ಎದೆಯಲ್ಲಿ ಏನೋ ಒಂದು ಮಿಸುಕಿತು. ಅದು ನಗುವೇ ಇರಬೇಕು. ಹೊರಗೆ ಬರಲಿಲ್ಲ.

"ಮತ್ತೆ ಚೌಕಾಸಿಗೆ ಯಾವಾಗ ಬರ್ತಾರಂತೆ?"

ವಿಗಿಲ್ ನೆಲ ನೋಡಿದ. "ಬರಲ್ಲ. ಸ್ಮಶಾನದ ಬಾಗಿಲಲ್ಲೇ ಕಾಸಿಯಾನ್ ಹೇಳಿದ. ಸಾವಿನ ಮನೆ ಹತ್ರ ಕೇಳಲ್ಲ, ಸಾಮಿಲ್‌ಗೆ ಹೊಸ ತೊಲೆ ಹೇಳಿದೀವಿ, ಗುರುವಾರ ಬರುತ್ತೆ, ನೀವು ಹಳೇದನ್ನ ಸುಮ್ನೆ ತಂದು ಬೇಲಿ ಹತ್ರ ಹಾಕಿ ಹೋಗಿ ಅಂತ."

"ಹಾಗಾದ್ರೆ ಇದು?"

"ಇದೇನು... ಕದ್ದ ಮಾಲು, ಅಷ್ಟೇ."

ಅವನು ಮೇಜುಗಳನ್ನು ಹೇರಿಕೊಂಡು ಹೋದ. ಮೇನಾ ತೊಲೆಯ ಮೇಲೆ ಕೂತಳು. ಯಾರೂ ಕೇಳದೆ ಉಳಿದರೆ ಅದು ಎರವಲಲ್ಲ. ರೋಮೆಡ್ ತನ್ನ ಕೊನೆಯ ತಿಂಗಳಲ್ಲಿ ಪಕ್ಕದ ಊರಿನಿಂದ ಮರ ಕದ್ದವನಾಗುತ್ತಾನೆ. ಗುರುವಾರಕ್ಕೆ ಎರಡೇ ದಿನ. ಅವಳು ಅಳತೆಯ ಯಂತ್ರವನ್ನು ಗಾಡಿಗೆ ಹಾಕಿಕೊಂಡು ಕೆಲಸಕ್ಕೆ ಹೊರಟಳು.

ಕಾಲ್ಟ್‌ಬಾಖ್‌ನ ಗುಡ್ಡದ ಬುಡದಲ್ಲಿ ನಿಲ್ದಾಣದ ಗೋಡೆಗಳೆದ್ದು, ಅವುಗಳ ಮೇಲೆ ನೀಲಿ ಟಾರ್ಪಾಲು ಪಟಪಟ ಹೊಡೆದುಕೊಳ್ಳುತ್ತಿತ್ತು. ಚಾವಣಿ ಇಲ್ಲದೆ ವಿದ್ಯುತ್ ಪೆಟ್ಟಿಗೆಗಳನ್ನು ಒಳಗಿಡುವಂತಿಲ್ಲ. ಹಿಮ ಬೀಳುವ ಕಾಲ ಹತ್ತಿರವಾಗಿತ್ತು. ಮನೆಯಷ್ಟು ದೊಡ್ಡ ಉರುಳೆಯಲ್ಲಿ ಉಕ್ಕಿನ ಹಗ್ಗ ಬಂದು ಕೂತಿತ್ತು.

ಮೇನಾಳನ್ನು ಕಂಡು ಕೆಲಸದವರು ಶಿರಸ್ತ್ರಾಣ ತೆಗೆದರು. ಮೊದಲೆಲ್ಲ "ಬೇಹುಗಾರ್ತಿ ಬಂದ್ಳು, ಸುತ್ತಿಗೆ ಎಣಿಸ್ರೋ!" ಎಂದು ಕೂಗುತ್ತಿದ್ದವರು. ಅವಳ ಕಾಫಿಗೆ ಉಪ್ಪು ಹಾಕುತ್ತಿದ್ದವರು. ಈಗ ಕಾಸಿಯಾನ್ ತಾನೇ ಕುರ್ಚಿ ಒರೆಸಿದ.

"ಕೂತ್ಕೊಳ್ಳಿ. ಕಾಫಿ ತಗೊಳ್ಳಿ. ಇವತ್ತು ಯಾಕೆ ಬರಕ್ಕೆ ಹೋದ್ರಿ?"

ಕಾಫಿಯಲ್ಲಿ ಸಕ್ಕರೆ ಇತ್ತು. ಇಪ್ಪತ್ತು ವರ್ಷ ದೊಡ್ಡವನಾದ ಈ ಮನುಷ್ಯ ಅವಳನ್ನು ಬಹುವಚನದಲ್ಲಿ ಕರೆದದ್ದು ಇದೇ ಮೊದಲು. ಹೂವಿನ ಚಕ್ರಕ್ಕಿಂತ ಅದೇ ಭಾರವೆನಿಸಿತು.

"ನಿಮ್ಮ ತೊಲೆ ನನ್ನ ಹತ್ರ ಇದೆ," ಎಂದಳು.

"ನಿಮ್ಮೂರೋರ ಹತ್ರ ಇರೋದು ಗೊತ್ತು ತಾಯಿ. ಬಿಡಿ ಅದನ್ನ."

"ಬಿಡೋದೇನು? ಒಂದು ಹಂದಿ, ಎರಡು ಪೀಪಾಯಿ ಬಿಯರ್."

"ಆಗ್ಲಿ."

ಹಳೇ ಹಸುವಿಗೆ ಗಿರಾಕಿ ಹುಡುಕುವಾಗ ಹಸುವಿನ ಕೆಮ್ಮಿಗೂ ಬೆಲೆ ಕಟ್ಟುವವನು ಕಾಸಿಯಾನ್. ಮಗುವಿಗೆ ಚರ್ಚಿನಲ್ಲಿ ದೀಕ್ಷಾಸ್ನಾನ ಮಾಡಿಸುವಾಗ ಪಾದ್ರಿಯ ಜೊತೆಗೂ ಕೊಸರಾಡಿದವನು. ಅಂಥವನು ಚೌಕಾಸಿಯ ಉಸಿರೇ ಎತ್ತದೆ ಒಪ್ಪಿಕೊಂಡ.

"ಎರಡು ಹಂದಿ," ಎಂದಳು ಮೇನಾ.

"ಆಯ್ತು, ಎರಡು."

"ಹತ್ತು ಪೀಪಾಯಿ. ನಿಮ್ಮೂರಿನ ಬ್ಯಾಂಡು. ಅಪಸ್ವರ ಬಾರಿಸೋರಲ್ಲ, ಒಳ್ಳೇ ಬ್ಯಾಂಡು."

"ನಮ್ಮೂರಲ್ಲಿರೋದು ಒಂದೇ ಬ್ಯಾಂಡು." ಅವನ ಮೀಸೆ ಒಮ್ಮೆ ಅದುರಿತು. "ಆಗ್ಲಿ, ಕಳಿಸ್ತೀವಿ."

"ಮೊದಲ ದಿನ ಮೊದಲ ಕುರ್ಚೀಲಿ ಲೆರ್ಖೆನ್‌ನ ಒಂದು ಮೇಕೆ ಕೂತ್ಕೊಂಡು ಹೋಗ್ಬೇಕು."

ಕೆಲಸದವರು ಒಬ್ಬರ ಮುಖ ಒಬ್ಬರು ನೋಡಿದರು. ಕಾಸಿಯಾನ್ ತಲೆ ಕೆರೆದುಕೊಂಡ. "ಮೇಕೆ... ನೋಡಣ. ನಿಮ್ಮ ದುಃಖದಲ್ಲಿ ನೀವು ಏನು ಕೇಳಿದ್ರೂ..."

ದುಃಖ. ಅವಳು ಲೋಟ ಕೆಳಗಿಟ್ಟಳು.

"ನಿನ್ನೆ ನಮ್ಮನೆ ಬೆಂಚು ಹೇಗಿತ್ತು ಕಾಸಿಯಾನ್?"

"ಬೆಂಚಾ? ಚೆನ್ನಾಗಿತ್ತು. ಗಟ್ಟಿ ಮರ. ಲಾರ್ಚ್ ಅಲ್ವಾ?"

"ಲಾರ್ಚೇ. ನಿಮ್ಮ ಸಾಮಿಲ್‌ನದೇ. ಚಾವಣಿ ನೆತ್ತಿಗೆ ಅಂತ ಕೊಯ್ಸಿದ್ದು. ನೀನು ಕೂತಿದ್ದೆಯಲ್ಲ, ಆ ಗೋಣಿಚೀಲದ ಕೆಳಗೇ ಮುದ್ರೆ ಇತ್ತು."

ಗಾಳಿಗೆ ಟಾರ್ಪಾಲು ಒಂದು ಸಲ ಹೊಡೆದುಕೊಂಡಿತು.

"ನಾವು... ಅದರ ಮೇಲೇ..."

"ಸಾಲಾಗಿ. ಸಾಸೇಜ್ ತಿಂದ್ಕೊಂಡು. ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ರಂತೆ. ನೀವು ಅದಕ್ಕಿಂತ ಒಂದು ಕೈ ಮೇಲು. ಕೂಸಿನ ಮೇಲೇ ಕೂತಿದ್ರಿ."

ಉರುಳೆಯ ಹಿಂದೆ ಯಾರೋ ಕಿಸಕ್ಕೆಂದರು. ಕಾಸಿಯಾನ್‌ನ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. ಅವನ ಕೈ ತಾನಾಗಿಯೇ ಹಿಂದಕ್ಕೆ ಹೋಗಿ ತನ್ನ ಪ್ಯಾಂಟನ್ನು ಮುಟ್ಟಿ ನೋಡಿಕೊಂಡಿತು.

"ಆ ವಿಗಿಲ್ ಅಳ್ತಿದ್ನಲ್ಲ!"

"ನಗ್ತಿದ್ದ."

"ಬೆನ್ನು ಸವರಿದ್ನಲ್ಲೇ ನಾನು! ಕಳ್ಳರ ಸಂತೆ! ನಿಮ್ಮೂರಲ್ಲಿ ಸತ್ತೋರೂ ಸುಮ್ನಿರಲ್ವಲ್ಲೇ! ಎರಡು ಹಂದಿಯಂತೆ! ಹಂದಿ ಬಾಲ ಕೊಡಲ್ಲ ನಾನು!"

ಹೇಳಿದ ಮೇಲೆ ಅವನಿಗೇ ಗಾಬರಿಯಾಯಿತು. ಬಾಯಿಗೆ ಕೈ ಹೋಯಿತು. ಎಲ್ಲರೂ ಮೇನಾಳ ಕಡೆ ನೋಡಿದರು.

ಮೇನಾ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡಳು. "ಬಾಲ ಬೇಡ. ಇಡೀ ಹಂದಿ."

ಕಾಸಿಯಾನ್ ತಾನೂ ಒಂದು ಪೆಟ್ಟಿಗೆ ಎಳೆದು ಎದುರಿಗೆ ಕೂತ.

"ಮುಂಗಾಲು."

"ಅರ್ಧ ಹಂದಿಗೆ ಕಮ್ಮಿ ಬಾಯೇ ತೆಗೀಬೇಡ."

"ಬಿಸಿಲಲ್ಲಿಟ್ಟು ಮರ ಒಣಗಿಸಿದೀರ. ಸೀಳು ಬಿಟ್ಟಿದ್ರೆ?"

"ನಿಮ್ಮ ಭಾರಕ್ಕೇ ಸೀಳು ಬಿಡದ ಮರ ಬಿಸಿಲಿಗೆ ಬಿಡುತ್ತಾ?"

ಹೆಲಿಕಾಪ್ಟರ್ ಎರಡು ಕಂಬ ಇಳಿಸಿ ಹೋಗುವವರೆಗೂ ಅವರು ಎದ್ದೇಳಲಿಲ್ಲ. ಮೇಕೆಯ ಮಾತು ಬಂದಾಗ ಕಾಸಿಯಾನ್ ಟೋಪಿಯನ್ನು ನೆಲಕ್ಕೆ ಒಗೆದ. ಕೊನೆಗೆ ಅರ್ಧ ಹಂದಿ, ಒಂದು ಪೀಪಾಯಿ, ಬೇಯಿಸಿದ ಆಲೂಗಡ್ಡೆಗೆ ತೀರ್ಮಾನವಾಯಿತು. ಮೇಕೆ ಬೇಡ. ಅದರ ಬದಲು ಕಾಸಿಯಾನ್ ಖುದ್ದಾಗಿ ಸೇತುವೆಯ ಮೇಲೆ ನಿಂತು, ಎಲ್ಲರಿಗೂ ಕೇಳುವಂತೆ ತೊಲೆಯನ್ನು ಬೇಡಬೇಕು. ಹೊಸ ತೊಲೆ ಬೇಡವೆಂದು ಸಾಮಿಲ್‌ಗೆ ಆಗಲೇ ಫೋನ್ ಮಾಡಿಸಿದಳು.

"ಗಂಡನಿಗಿಂತ ನೀನೇ ಕೆಟ್ಟೋಳು," ಎಂದು ಅವನು ಕೈ ಕುಲುಕಿದ.

"ಅವನು ಇಷ್ಟು ಕಮ್ಮಿಗೆ ಬಿಡ್ತಿರ್ಲಿಲ್ಲ," ಎಂದಳು ಮೇನಾ. ಧ್ವನಿ ಅರ್ಧದಲ್ಲಿ ಒಡೆಯಿತು. ಕಾಸಿಯಾನ್ ಕೈ ಬಿಡಲಿಲ್ಲ. ಅವಳು ಎದ್ದು ಹೋಗಿ ಯಂತ್ರದ ಕಾಲುಗಳನ್ನು ನೆಲಕ್ಕೂರಿದಳು. ಮಸೂರದೊಳಗೆ ಕಂಬಗಳು ಬಹಳ ಹೊತ್ತು ಮಸುಕಾಗಿಯೇ ಕಂಡವು.

ಶನಿವಾರದ ಹೊತ್ತಿಗೆ ಎಲ್ಲ ಕಂಬಗಳೂ ನಿಂತಿದ್ದವು. ಉಕ್ಕಿನ ಹಗ್ಗ ಗುಡ್ಡ ಹತ್ತಿ ಇಳಿದು ಬಂದಿತ್ತು. ಅದರ ಎರಡು ತುದಿಗಳನ್ನು ಹುಲ್ಲುಗಾವಲಿನಲ್ಲಿ ಹಾಸಿ, ಎಳೆ ಬಿಚ್ಚಿ, ಒಂದರೊಳಗೊಂದು ಹೆಣೆಯುತ್ತಿದ್ದವರು ಲೆರ್ಖೆನ್ ಬ್ಯಾಂಡಿನ ಸದ್ದಿಗೆ ತಲೆಯೆತ್ತಿದರು. ಲೆರ್ಖೆನ್‌ನ ಅಗ್ನಿಶಾಮಕ ದಳ ತೊಲೆ ಹೊತ್ತು ಸೇತುವೆಗೆ ಬಂದಿತ್ತು. ಮುಂದಿನ ತುದಿ ರೋಮೆಡ್‌ನ ಜಾಗ. ವಿಗಿಲ್ ಬೇಡವೆಂದರೂ ಕೇಳದೆ ಮೇನಾ ಅಲ್ಲಿ ಹೆಗಲು ಕೊಟ್ಟಿದ್ದಳು. ಕಪ್ಪು ಕೋಟು, ಕೆಲಸದ ಬೂಟು. ತೊಲೆ ಮೂಳೆಗೆ ಒತ್ತುತ್ತಿತ್ತು. ನೋಯುತ್ತಿತ್ತು. ನೋವು ಸ್ಪಷ್ಟವಾಗಿ ಗೊತ್ತಾಗುತ್ತಿತ್ತು.

ಕಾಸಿಯಾನ್ ಸೇತುವೆಗೆ ಅಡ್ಡ ನಿಂತು ಗಂಟಲು ಸರಿಮಾಡಿಕೊಂಡ.

"ನಮ್ಮ ತೊಲೆ ದಯವಿಟ್ಟು ಕೊಡಿ," ಎಂದು ಗೊಣಗಿದ.

"ಕೇಳಿಸ್ಲಿಲ್ಲ!" ಎಂದಿತು ಇಡೀ ಲೆರ್ಖೆನ್.

ಅವನು ಕಿರುಚಿದ. ಎರಡು ಊರೂ ಕೇಕೆ ಹಾಕಿದವು. ಆಮೇಲೆ ಅವನು ದನಿ ತಗ್ಗಿಸಿ, ಪದ್ಧತಿಯಂತೆ ಕೇಳಬೇಕಾದ್ದನ್ನು ಕೇಳಿದ.

"ಎರವಲು ಒಯ್ದೋರು ಯಾರು?"

"ರೋಮೆಡ್," ಎಂದಳು ಮೇನಾ. "ನನ್ನ ಗಂಡ. ಕೇಳ್ದೆ ತಂದ. ನೀವು ಕೇಳಿದ್ರಿ, ಕೊಡ್ತಿದೀವಿ."

"ಒಂದು ಬೆರಳು ಕಮ್ಮಿ ಬಂದ್ರೂ ಆಲೂಗಡ್ಡೆ ಇಲ್ಲ," ಎಂದ ಕಾಸಿಯಾನ್. ತೊಲೆಯ ಈ ತುದಿಯಿಂದ ಆ ತುದಿಯವರೆಗೆ ಟೇಪು ಹಿಡಿದು ಅಳೆದ. ಮೂಗು ಒರೆಸಿಕೊಂಡು ಇನ್ನೊಮ್ಮೆ ಅಳೆದ. ಆಮೇಲೆ ಅವನ ಜನ ಒಬ್ಬೊಬ್ಬರಾಗಿ ನುಗ್ಗಿ ಲೆರ್ಖೆನ್‌ನವರ ಹೆಗಲ ಪಕ್ಕ ತಮ್ಮ ಹೆಗಲು ಕೊಟ್ಟರು. ಕಾಸಿಯಾನ್ ಮೇನಾಳ ಹಿಂದೆ ಬಂದು ನಿಂತ.

"ಹಿಡ್ಕೊಂಡ್ಯಾ?" ಎಂದಳು ಅವಳು.

"ಹಿಡ್ಕೊಂಡಿದೀನಿ."

"ಸರಿಯಾಗಿ?"

"ಸರಿಯಾಗೇ ಹಿಡ್ಕೊಂಡಿದೀನಿ ಕಣೇ. ಬಿಡು."

ಮೇನಾ ಬಗ್ಗಿ ಹೆಗಲನ್ನು ಹೊರಗೆ ತೆಗೆದುಕೊಂಡಳು.