ಅಪ್ಪನ ಮಾತಿಗೆ ಬೇರೆ ದನಿ

ಕಿವಿ ಕೇಳದವರ ಮನೆಯೆಂದರೆ ಸದ್ದಿಲ್ಲದ ಮನೆ ಎಂದುಕೊಂಡವರು ಕೋಟು ಮಾಸ್ಟರ ಮನೆಗೆ ಒಮ್ಮೆ ಬರಬೇಕಿತ್ತು. ಪಾತ್ರೆ ಕುಕ್ಕುವವರಿಗೆ ಪಾತ್ರೆಯ ಸದ್ದು ಕೇಳುವುದಿಲ್ಲ, ಬಾಗಿಲು ಎಳೆಯುವವರಿಗೆ ಬಾಗಿಲಿನದು ಕೇಳುವುದಿಲ್ಲ. ಒಬ್ಬರು ಇನ್ನೊಬ್ಬರನ್ನು ಕರೆಯಬೇಕಾದರೆ ಹಲಗೆ ನೆಲಕ್ಕೆ ಧಡ್ಡನೆ ಕಾಲು ಅಪ್ಪಳಿಸುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಹುಟ್ಟಿನಿಂದ ಕಿವುಡರು. ಒಬ್ಬಳೇ ಮಗಳಿಗೆ ಮಾತ್ರ ಚೆನ್ನಾಗಿ ಕೇಳುತ್ತಿತ್ತು. ಹಾಗಾಗಿ ಆ ಗದ್ದಲವೆಲ್ಲ ಅವಳೊಬ್ಬಳ ಪಾಲಿಗೆ ಬಂದಿತ್ತು.

ಮಾಸ್ಟರು ಕೋಟು ಹೊಲಿಯುವುದರಲ್ಲಿ ಹೆಸರು ಮಾಡಿದವರು. ಅವರ ಅಂಗಡಿಯ ಬಾಗಿಲು ತಳ್ಳಿದರೆ ಗಂಟೆ ಮೊಳಗುವ ಬದಲು ಮೇಜಿನ ಮೇಲೊಂದು ದೀಪ ಹೊತ್ತಿಕೊಳ್ಳುತ್ತಿತ್ತು. ಗಿರಾಕಿಗಳು ಕನ್ನಡಿಯ ಮುಂದೆ ನಿಂತು ತಮಗೆ ಬೇಕಾದ್ದನ್ನು ಕೈಯಲ್ಲೇ ತೋರಿಸುತ್ತಿದ್ದರು. ಹೊಟ್ಟೆ ಬೆಳೆದಿದ್ದನ್ನು ಉಸಿರು ಬಿಗಿಹಿಡಿದು ಮುಚ್ಚಿಟ್ಟವರ ಬೆನ್ನು ತಟ್ಟಿ ಮಾಸ್ಟರು ನಗುತ್ತ ಕಾಯುತ್ತಿದ್ದರು. ಎಷ್ಟು ಹೊತ್ತು ಹಿಡಿದಾರು? ದೇಶದ ಶಾಸನಸಭೆಯಲ್ಲಿ ವಿರೋಧ ಪಕ್ಷದ ಹಿರಿಯ ಸದಸ್ಯರೊಬ್ಬರು ಅವರ ಖಾಯಂ ಗಿರಾಕಿ. ರಾಜಕೀಯಕ್ಕೆ ಇಳಿಯುವ ಮುಂಚೆ ಬಹಳ ವರ್ಷ ವೈದ್ಯರಾಗಿದ್ದರಿಂದ ಎಲ್ಲರೂ ಅವರನ್ನು ಡಾಕ್ಟರ್ ಸಾಹೇಬರು ಎಂದೇ ಕರೆಯುತ್ತಿದ್ದರು.

ಮಗಳು ಸನ್ನೆ ಭಾಷೆಯ ಅನುವಾದಕಿ. ಶಾಸನಸಭೆಯ ಕಲಾಪವನ್ನು ಟೀವಿಯಲ್ಲಿ ಕಿವುಡರಿಗೂ ಮುಟ್ಟಿಸಬೇಕೆಂದು ತೀರ್ಮಾನವಾದಾಗ ಆ ಕೆಲಸಕ್ಕೆ ಇಬ್ಬರನ್ನು ಆರಿಸಿದರು: ಇವಳು, ಮತ್ತು ಇವಳಿಗಿಂತ ಹಿರಿಯನಾದ ಒಬ್ಬ ಗಡ್ಡದ ಜೊತೆಗಾರ. ಸರದಿಯ ಮೇಲೆ ಅವರು ಪರದೆಯ ಕೆಳಮೂಲೆಯ ಪುಟ್ಟ ಚೌಕದಲ್ಲಿ ನಿಂತು, ಮಾತಾಡಿದ್ದನ್ನೆಲ್ಲ ಕೈಗಿಳಿಸಬೇಕು. ಬೀದಿಯವರು ಅವಳಿಗೆ ‘ಮೂಲೆಯಮ್ಮ’ ಎಂದು ಹೆಸರಿಟ್ಟಿದ್ದರು.

ಆಗ ಸಭೆಯಲ್ಲಿ ಚರ್ಚೆಗೆ ಬಂದದ್ದು ಆರೋಗ್ಯ ವಿಮೆಯ ಮಸೂದೆ. ದೇಶದಲ್ಲಿರುವ ಪ್ರತಿಯೊಬ್ಬರಿಗೂ ಸರ್ಕಾರವೇ ವಿಮೆ ಕೊಡಬೇಕು, ಖರ್ಚನ್ನು ತೆರಿಗೆಯಿಂದ ತುಂಬಬೇಕು ಎಂಬುದು ಅದರ ತಿರುಳು. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಮದುವೆ ಮಾತುಕತೆಯ ನಡುವೆ ಕೂಡ ಜನ ಅದೇ ಜಗಳ ಆಡುತ್ತಿದ್ದರು. ಮಾಸ್ಟರ ಮನೆಯಲ್ಲೂ ಆಡಿದರು, ಕೈಯಲ್ಲಿ.

“ದರ್ಜಿಗಳ ಸಂಘದ ಕಷ್ಟನಿಧಿ ಇದೆಯಲ್ಲ, ಅದನ್ನ ಕಟ್ಟಿದ್ದು ನಾವು,” ಎಂದರು ಮಾಸ್ಟರು. “ಯಾರಿಗೆ ಹುಷಾರಿಲ್ಲ ಅಂದ್ರೂ ಮನೆಗೇ ಹೋಗಿ ಕೊಟ್ಟು ಬರ್ತೀವಿ. ಈ ಮಸೂದೆ ಬಂದ್ರೆ ಅದೂ ಸರ್ಕಾರದ ಹೊಟ್ಟೆಗೆ. ಸರ್ಕಾರ ಯಾರ ಮನೆ ಬಾಗಿಲಿಗೆ ಬರುತ್ತೆ, ಹೇಳು?”

“ಅಪ್ಪ, ನಿಮ್ಮ ನಿಧಿ ದರ್ಜಿಗಳಿಗೆ ಸರಿ. ಬೀದಿ ಗುಡಿಸೋರಿಗೆ ಯಾವ ನಿಧಿ ಇದೆ?”

“ಅವರೂ ಕಟ್ಟಿಕೊಳ್ಳಲಿ.”

“ಯಾವುದರಲ್ಲಿ ಕಟ್ಟಿಕೊಳ್ತಾರೆ? ಧೂಳಲ್ಲಾ?”

ಮಾತಿಗೆ ಮಾತು ಬೆಳೆದು ನಾಲ್ಕು ಕೈಗಳೂ ಗಾಳಿಯಲ್ಲಿ ಕತ್ತಿಯಂತೆ ಆಡತೊಡಗಿದವು. ಅಮ್ಮ ಎದ್ದು ಹೋಗಿ ದೀಪ ಆರಿಸಿದಳು. ಆ ಮನೆಯಲ್ಲಿ ಜಗಳಕ್ಕೆ ಅದಕ್ಕಿಂತ ಒಳ್ಳೆಯ ಮದ್ದಿರಲಿಲ್ಲ. ಕತ್ತಲಲ್ಲಿ ಯಾರು ಯಾರಿಗೆ ಏನು ಹೇಳಲಾದೀತು?

ಚರ್ಚೆಯ ದಿನ ದರ್ಜಿಗಳ ಸಂಘದ ಕೋಣೆಯಲ್ಲಿ ಟೀವಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಮಾಸ್ಟರ ಕಿವುಡ ಗೆಳೆಯರೆಲ್ಲ ಬಂದಿದ್ದರು. ಪರದೆಯ ನಡುವೆ ಡಾಕ್ಟರ್ ಸಾಹೇಬರು ಎದ್ದು ನಿಂತರು. ಮೂಲೆಯಲ್ಲಿ ಮಗಳು. ಗೆಳೆಯನೊಬ್ಬ ಮಾಸ್ಟರ ತೊಡೆ ತಟ್ಟಿ, “ನಡುವೆ ನಿನ್ನ ಕೋಟು, ಮೂಲೇಲಿ ನಿನ್ನ ಮಗಳು! ಇವತ್ತು ಟೀವಿಯೆಲ್ಲ ನಿಂದೇ,” ಎಂದು ಕೈಯಾಡಿಸಿದ. ಮಾಸ್ಟರು ನಗಲಿಲ್ಲ. ಕೋಟಿನ ಭುಜ ಸರಿಯಾಗಿ ಕೂತಿದೆಯೇ ಎಂದು ನೋಡಿದರು. ಕೂತಿತ್ತು. ಆಮೇಲೆ ಮಗಳ ಕೈಗಳನ್ನು ನೋಡತೊಡಗಿದರು.

ಸಾಹೇಬರು ಚೆನ್ನಾಗಿ ಮಾತಾಡಿದರು. ಸರ್ಕಾರ ನಡೆಸುವ ವಿಮೆಯಲ್ಲಿ ಸಾಲು ಉದ್ದವಾಗುತ್ತದೆ, ಜನ ತಾವೇ ಕಟ್ಟಿಕೊಂಡ ನಿಧಿಗಳು ಸಾಯುತ್ತವೆ ಎಂದರು. ಮಾಸ್ಟರು ಹೌದು ಹೌದೆಂದು ತಲೆಯಾಡಿಸಿದರು. ಬಳಿಕ ಸಾಹೇಬರು ಮಸೂದೆಯ ಕೊನೆಯಲ್ಲಿದ್ದ ಒಂದು ಸಣ್ಣ ಕಲಮಿಗೆ ಬಂದರು. ಕಿವುಡ ರೋಗಿಗಳಿಗೆ ಆಸ್ಪತ್ರೆಯೇ ಅನುವಾದಕರನ್ನು ಒದಗಿಸಬೇಕು ಎಂಬ ಕಲಮು ಅದು.

“ಇದು ದುಂದು,” ಎಂದರು ಅವರು. “ನಾನು ಎಷ್ಟೋ ವರ್ಷ ಇಂಥ ಕುಟುಂಬಗಳನ್ನು ನೋಡಿದ್ದೇನೆ. ಮನೆಯ ಮಕ್ಕಳೇ ಜೊತೆಗೆ ಬರುತ್ತಾರೆ. ಎಷ್ಟು ಚೂಟಿಯಾಗಿ ಹೇಳುತ್ತವೆ ಆ ಮಕ್ಕಳು! ಅದನ್ನು ನೋಡುವುದೇ ಒಂದು ಸಂತೋಷ.” ಹೇಳುತ್ತ ಅವರು ಅಕ್ಕರೆಯಿಂದ ನಕ್ಕರು.

ಸನ್ನೆ ಭಾಷೆಯಲ್ಲಿ ಕೈ ಅರ್ಧ ಮಾತು, ಮುಖ ಇನ್ನರ್ಧ. ಮಾತಾಡಿದವರು ಸಿಟ್ಟಾದರೆ ಅನುವಾದಕಿಯ ಮುಖವೂ ಸಿಟ್ಟಾಗಬೇಕು, ಅವರು ನಕ್ಕರೆ ಇವಳೂ ನಗಬೇಕು. ಹುಬ್ಬು ತುಸು ಗಂಟಿಕ್ಕಿದ್ದರೂ ಸಾಕಿತ್ತು, ಸಾಹೇಬರ ಮಾತು ವ್ಯಂಗ್ಯವಾಗಿ ಕಾಣುತ್ತಿತ್ತು. ನೋಡುತ್ತಿದ್ದ ಕಿವುಡರ್ಯಾರಿಗೂ ಮೋಸ ಗೊತ್ತಾಗುತ್ತಿರಲಿಲ್ಲ. ಅವಳು ಹಾಗೆ ಮಾಡಲಿಲ್ಲ. ಸಾಹೇಬರು ನಕ್ಕಷ್ಟೇ ಅಕ್ಕರೆಯಿಂದ ನಕ್ಕಳು. ‘ಚೂಟಿ’ ಎಂಬ ಮಾತನ್ನು ಅವರು ಎಳೆದಷ್ಟೇ ಎಳೆದಳು. ಒಂದು ಅಕ್ಷರ ಬಿಡಲಿಲ್ಲ, ಒಂದು ಅಕ್ಷರ ಸೇರಿಸಲಿಲ್ಲ. ಸರದಿ ಮುಗಿದಾಗ ಗಡ್ಡದ ಜೊತೆಗಾರನಿಗೆ ಜಾಗ ಬಿಟ್ಟುಕೊಟ್ಟು, ಹೊರಗೆ ಹೋಗಿ ತಣ್ಣೀರಿನಲ್ಲಿ ಬಹಳ ಹೊತ್ತು ಕೈ ತೊಳೆದಳು.

ಸಂಘದ ಕೋಣೆಯಲ್ಲಿ ಮಾಸ್ಟರು ಎದ್ದು ನಿಂತಿದ್ದರು. ಹಿಂದೆ ಕೂತವರು ಪರದೆ ಕಾಣದೆ ಕೈ ಬೀಸಿದರು. ಅವರು ಕೂರಲಿಲ್ಲ.

ಅವತ್ತು ಸಂಜೆ ಊಟಕ್ಕೆ ಕೂತಾಗ ಅಪ್ಪ ಆ ಮಾತೆತ್ತಿದರು. “ನೀನು ಸಾಹೇಬರ ಮಾತನ್ನ ಕೆಡಿಸಬಹುದಿತ್ತು.”

“ಅದು ಅವರ ಮಾತು ಅಪ್ಪ, ನಂದಲ್ಲ. ನಿಂಗೆ ಪೂರ್ತಿ ತಲುಪಬೇಕಿತ್ತು. ನಿಂಗೆ ಹಿಡಿಸಿದ್ದೂ, ಹಿಡಿಸದ್ದೂ.”

ಅಪ್ಪ ಅಮ್ಮನ ಕಡೆ ತಿರುಗಿ, “ಇವಳನ್ನ ಸಾಕಿದ್ದು ನಾವೇ ತಾನೆ?” ಎಂದು ಕೇಳಿದರು. ಅಮ್ಮ, “ನಾನು. ನೀವು ಬರೀ ಬಟ್ಟೆ ಹೊಲಿದು ಕೊಟ್ರಿ,” ಎಂದಳು.

ಮಸೂದೆ ಮತಕ್ಕೆ ಬರುವ ಮುಂಚೆ ಒಂದೊಂದು ಕಲಮಿನ ಬಗ್ಗೆಯೂ ಸಾರ್ವಜನಿಕರ ಮಾತು ಕೇಳಲು ಸಮಿತಿಯೊಂದು ಕೂತಿತು. ಡಾಕ್ಟರ್ ಸಾಹೇಬರೂ ಅದರಲ್ಲಿದ್ದರು. ಮಾಸ್ಟರು ಯಾರಿಗೂ ಹೇಳದೆ ಹೆಸರು ಕೊಟ್ಟು ಬಂದಿದ್ದರು. ಸಮಿತಿ ಕೂತ ದಿನ ಮಗಳು ಅಲ್ಲಿಗೆ ಕೆಲಸಕ್ಕೆಂದು ಹೋದಾಗ ಅಪ್ಪ ತಮ್ಮದೇ ಕೈಯ ಕೋಟು ತೊಟ್ಟು, ಅಮ್ಮನ ಜೊತೆ ಮುಂದಿನ ಸಾಲಿನಲ್ಲಿ ಕೂತಿದ್ದರು. ಅವಳು ಓಡಿ ಹತ್ತಿರ ಹೋಗಿ, “ಅಪ್ಪ, ನಾನು ಹೇಳ್ತೀನಿ, ನೀನು ನಿಧಾನವಾಗಿ...” ಎಂದು ಶುರು ಮಾಡಿದಳು.

ಅಪ್ಪ ಅವಳ ಎರಡೂ ಕೈ ಹಿಡಿದು ಕೆಳಗಿಳಿಸಿದರು. “ಇವತ್ತು ನನ್ನ ಮಾತು ನಿನ್ನ ಬಾಯಿಂದ ಬರೋದು ಬೇಡ ಮಗಳೇ. ಅಲ್ಲಿ ಕೂತ್ಕೊ. ನೀನು ನೋಡು.”

ಹಾಗಾಗಿ ಅಪ್ಪನ ಎದುರು ನಿಂತವನು ಗಡ್ಡದ ಜೊತೆಗಾರ. ಅಪ್ಪ ಕೈಯೆತ್ತಿದರು. ಜೊತೆಗಾರ ಬಾಯಿ ತೆರೆದ. ತುಂಬಿದ, ಗಡುಸಾದ ಗಂಡು ದನಿಯೊಂದು ಸಭಾಂಗಣವನ್ನು ತುಂಬಿತು.

ಮಾತು ಬಂದಾಗಿನಿಂದ ಹೊರಗಿನವರಿಗೆ ಅಪ್ಪನ ದನಿಯಾಗಿದ್ದವಳು ಮಗಳು. ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಶಾಲೆಯಲ್ಲಿ ಜನ ಅಪ್ಪನ ಮಾತನ್ನು ಕೇಳಿದ್ದು ಒಂದು ಹುಡುಗಿಯ ಕೀಚಲು ಗಂಟಲಿನಲ್ಲಿ. ಕೇಳಿದವರು ಬಗ್ಗಿ ಅವಳ ಕೆನ್ನೆ ಹಿಂಡಿ ಅವಳಿಗೇ ಉತ್ತರ ಹೇಳುತ್ತಿದ್ದರು. ಈಗ ಎಲ್ಲರ ಕಣ್ಣೂ ಅಪ್ಪನ ಮೇಲಿತ್ತು.

“ನಾನು ದರ್ಜಿ,” ಎಂದಿತು ಆ ದನಿ. “ಮೊದಲು ಒಂದು ಮಾತು. ನಮ್ಮ ಸಂಘದ ನಿಧೀನ ಮುಟ್ಟಬೇಡಿ. ಅದು ನಮ್ಮ ಬೆವರು. ಅದರಲ್ಲಿ ನಾನು ಸಾಹೇಬರ ಪಕ್ಷ. ಎರಡನೇ ಮಾತು ಆ ಕೊನೇ ಕಲಮಿಂದು. ಅದರಲ್ಲಿ ನಾನು ಅವರ ಪಕ್ಷ ಅಲ್ಲ.

“ನನ್ನ ಮಗಳಿಗೆ ಆಗ ಒಂಬತ್ತು ವರ್ಷ. ನನ್ನ ಹೆಂಡತಿ ಎರಡನೇ ಸಲ ಬಸುರಿ. ಇನ್ನೇನು ದಿನ ತುಂಬಬೇಕು ಅನ್ನೋವಾಗ ಆಸ್ಪತ್ರೆಗೆ ಹೋದ್ವಿ. ವೈದ್ಯರು ಪರೀಕ್ಷೆ ಮಾಡಿದ್ರು. ನನ್ನ ಕಡೆ ನೋಡಲಿಲ್ಲ, ಇವಳ ಕಡೇನೂ ನೋಡಲಿಲ್ಲ. ಮಗೂನ ಕರೆದ್ರು. ‘ನಿಮ್ಮಮ್ಮಂಗೆ ಹೇಳು, ಹೊಟ್ಟೇಲಿರೋ ಪಾಪೂದು ಎದೆಬಡಿತ ನಿಂತುಹೋಗಿದೆ’ ಅಂದ್ರು. ನನ್ನ ಮಗಳು ಹೇಳಿದ್ಲು. ಇಷ್ಟು ಪುಟ್ಟ ಕೈಯಲ್ಲಿ ಹೇಳಿದ್ಲು. ಅವಳಮ್ಮ ಕೇಳಿದ್ಲು, ‘ನಾನೇನು ತಪ್ಪು ಮಾಡಿದೆ?’ ಅಂತ. ಮಗು ಅದನ್ನೂ ವೈದ್ಯರಿಗೆ ಹೇಳ್ತು. ಅವರ ಉತ್ತರಾನೂ ನಮಗೆ ಹೇಳ್ತು. ಹೇಳಿ ಮುಗಿಯೋವರೆಗೂ ಅಳಲಿಲ್ಲ. ಸಾಹೇಬರು ಹೇಳಿದ್ದು ಸುಳ್ಳಲ್ಲ. ಬಹಳ ಚೂಟಿಯಾಗಿ ಹೇಳಿದ್ಲು. ಮೊನ್ನೆ ಟೀವೀಲಿ ಸಾಹೇಬರ ಮಾತನ್ನೂ ಅವಳೇ ಹೇಳಿದ್ಲು, ನಗ್ತಾ ಹೇಳಿದ್ಲು, ಯಾಕಂದ್ರೆ ಅದು ಅವಳ ಕೆಲಸ. ಅವಳು ನನ್ನ ಮಗಳು ಅಂತ ನನಗೆ ಹೆಮ್ಮೆ. ಆದರೆ ಇನ್ನೊಂದು ಮಗೂಗೆ ಆ ಕೆಲಸ ಕೊಡಬೇಡಿ.”

ಮುಂದಿನ ಸಾಲಿನಲ್ಲಿ ಅಮ್ಮ ನೆಟ್ಟಗೆ ಕೂತಿದ್ದಳು. ಕಣ್ಣು ಒರೆಸಿಕೊಳ್ಳಲಿಲ್ಲ. ಒರೆಸಿಕೊಂಡರೆ ಗಂಡನ ಕೈ ಒಂದು ಗಳಿಗೆ ಕಾಣದೆ ಹೋಗುತ್ತಿತ್ತು.

ಡಾಕ್ಟರ್ ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಅಷ್ಟು ಸುಲಭಕ್ಕೆ ಮಣಿಯುವವರಲ್ಲ. “ಮಾಸ್ಟ್ರೇ, ನಿಮ್ಮ ಮಾತು ನನಗೆ ತಾಗಿದೆ,” ಎಂದರು, ಗಡ್ಡದವನನ್ನು ನೋಡದೆ ಮಾಸ್ಟರನ್ನೇ ನೋಡುತ್ತ. “ಆದರೂ ಕೇಳಲೇಬೇಕು. ಸಣ್ಣ ಸಣ್ಣ ಊರುಗಳ ಆಸ್ಪತ್ರೇಲೆಲ್ಲ ಅನುವಾದಕರನ್ನ ಇಡೋದಕ್ಕೆ ಹಣ ಸಾಲಲ್ಲ. ಆಗ ಏನು ಮಾಡೋಣ?”

ಮಾಸ್ಟರು ಕೈಯಾಡಿಸಿದರು. “ಅದು ನನಗೆ ಗೊತ್ತಿಲ್ಲ ಸಾಹೇಬ್ರೇ. ನೀವು ಕೋಟಿಗೆ ಬಟ್ಟೆ ತಂದಾಗ ಒಮ್ಮೊಮ್ಮೆ ಸಾಲಲ್ಲ. ಹಾಗಂತ ನಾನು ಒಂದು ತೋಳು ಬಿಟ್ಟು ಹೊಲಿದು ಕೊಟ್ಟಿದೀನಾ?”

ಜೊತೆಗಾರ ಇದನ್ನು ದನಿಯಲ್ಲಿ ಹೇಳಿದೊಡನೆ ಸಾಹೇಬರು ತಮ್ಮ ತೋಳು ನೋಡಿಕೊಂಡರು. ಸಭೆಯೆಲ್ಲ ನಕ್ಕಿತು. ಅವರೂ ನಕ್ಕರು. “ಇಲ್ಲ,” ಎಂದರು. “ಹಾಗಾದ್ರೆ ಬೇರೆ ಥರ ಕತ್ತರಿಸಬೇಕು.”

ಸಾಹೇಬರು ಕತ್ತರಿಸಿದ್ದು ಹೀಗೆ: ಅಕ್ಕಪಕ್ಕದ ಸಣ್ಣ ಆಸ್ಪತ್ರೆಗಳೆಲ್ಲ ಸೇರಿ ಒಬ್ಬ ಅನುವಾದಕರನ್ನು ಇಟ್ಟುಕೊಳ್ಳಲಿ, ಅವರು ಬರಲಾಗದ ಕಡೆ ಪರದೆಯ ಮೇಲೆ ಮಾತಾಡಿಸಲಿ, ಆದರೆ ಮಕ್ಕಳ ಕೈಯಲ್ಲಿ ಮಾತ್ರ ಎಲ್ಲೂ ಹೇಳಿಸಕೂಡದು. ಈ ತಿದ್ದುಪಡಿಯನ್ನು ಅವರೇ ಮಂಡಿಸಿದರು. ಅದು ಎರಡೂ ಪಕ್ಷದವರ ಒಪ್ಪಿಗೆ ಪಡೆಯಿತು. ಇಡೀ ಮಸೂದೆ ಮತಕ್ಕೆ ಬಂದಾಗ ಅವರು ತಮ್ಮ ನಿಲುವು ಬಿಡದೆ ವಿರುದ್ಧವೇ ಕೈಯೆತ್ತಿದರು. ಮಸೂದೆ ಅಲ್ಪ ಬಹುಮತದಲ್ಲಿ ಗೆದ್ದಿತು. ದರ್ಜಿಗಳ ಕಷ್ಟನಿಧಿ ಸರ್ಕಾರದ ವಿಮೆಯೊಳಗೆ ಸೇರಿಹೋಯಿತು. ಮಾಸ್ಟರು ಒಂದು ವಾರ ಯಾರೊಡನೆಯೂ ಸರಿಯಾಗಿ ಕೈಯಾಡಿಸಲಿಲ್ಲ. ಸಂಘದವರು ಇನ್ನು ಮುಂದೆ ಹಣವಿಲ್ಲದಿದ್ದರೂ ಹುಷಾರಿಲ್ಲದವರ ಮನೆಗೆ ಹೋಗಿ ಕೂತು ಬರುವುದೆಂದು ತೀರ್ಮಾನ ಮಾಡಿದ ಮೇಲೆಯೇ ಅವರು ಸ್ವಲ್ಪ ಸಮಾಧಾನಪಟ್ಟರು.

ಮುಂದಿನ ವರ್ಷ ಮಾಸ್ಟರಿಗೆ ಸೂಜಿಗೆ ದಾರ ಪೋಣಿಸುವುದು ಕಷ್ಟವಾಗತೊಡಗಿತು. ಕಣ್ಣಿನಲ್ಲಿ ಪೊರೆ. ಕಿವುಡನಾದ ದರ್ಜಿಗೆ ಕಣ್ಣೇ ಕಸುಬು, ಕಣ್ಣೇ ಕಿವಿ. ಮನೆಯಲ್ಲಿ ಎಲ್ಲರಿಗೂ ಒಳಗೊಳಗೇ ಭಯ. ಮೂವರೂ ಸೇರಿ ಆಸ್ಪತ್ರೆಗೆ ಹೋದರು. ವೈದ್ಯರ ಕೋಣೆಯ ಬಾಗಿಲಲ್ಲಿ ನೀಲಿ ಅಂಗಿಯ ತರುಣಿಯೊಬ್ಬಳು ಕಾಯುತ್ತಿದ್ದಳು. ಮಾಸ್ಟರನ್ನು ಕಂಡೊಡನೆ, “ನಾನು ಅನುವಾದಕಿ. ಒಳಗೆ ಹೋಗೋಣವಾ?” ಎಂದು ಕೈಯಲ್ಲೇ ಕೇಳಿದಳು. ಅಪ್ಪನೂ ಅಮ್ಮನೂ ಹೊರಟರು. ಮಗಳೂ ಹೊರಟಳು.

ಅಪ್ಪ ತಿರುಗಿ ನೋಡಿದರು. “ನೀನೆಲ್ಲಿಗೆ?”

“ಒಳಗೆ.”

“ನೀನ್ಯಾಕೆ? ಇಲ್ಲೇ ಕೂತ್ಕೊ.”

ಬಾಗಿಲು ಮುಚ್ಚಿತು. ಮಗಳು ಬೆಂಚಿನ ಮೇಲೆ ಕೂತಳು. ಅಪ್ಪ ಅಮ್ಮ ವೈದ್ಯರ ಎದುರಿಗಿದ್ದಾಗ ಅವಳು ಬಾಗಿಲಾಚೆ ಕೂತದ್ದು ಅದೇ ಮೊದಲು. ಒಳಗೆ ಏನು ಮಾತಾಗುತ್ತಿದೆ ಎಂದು ಅವಳಿಗೆ ತಿಳಿಯಲಿಲ್ಲ. ಎಲ್ಲರ ಮನೆಯ ಮಗಳಂತೆ ಬರೀ ಗಾಬರಿಪಡುತ್ತ ಕೂತಳು. ಪಕ್ಕದಲ್ಲಿದ್ದ ಹೆಂಗಸು, “ಯಾರಿಗಮ್ಮ ಹುಷಾರಿಲ್ಲ?” ಎಂದು ಕೇಳಿದಳು.

“ನಮ್ಮಪ್ಪಂಗೆ. ವೈದ್ಯರ ಹತ್ರ ಮಾತಾಡ್ತಿದಾರೆ,” ಎಂದಳು ಮಗಳು. ಹೇಳುವಾಗ ಅವಳ ದನಿಯಲ್ಲಿ ಎಷ್ಟು ಹೆಮ್ಮೆ ಇತ್ತೆಂದರೆ, ಆ ಹೆಂಗಸು ಅವರು ಯಾವುದೋ ದೊಡ್ಡ ಅಧಿಕಾರಿಯಿರಬೇಕೆಂದು ತಿಳಿದು ಸ್ವಲ್ಪ ಸರಿದು ಕೂತಳು.

ಹೊರಗೆ ಬಂದ ಅಪ್ಪನ ಮುಖ ಅರಳಿತ್ತು. “ಏನಂದ್ರು?” ಎಂದು ಅವಳು ಕೇಳಿದಳು.

“ಅದು ನನಗೂ ವೈದ್ಯರಿಗೂ ಸೇರಿದ ಮಾತು,” ಎಂದು ಅಪ್ಪ ಠೀವಿಯಿಂದ ಮುಂದೆ ನಡೆದರು. ಮೆಟ್ಟಿಲಿಳಿಯುವವರೆಗೂ ತಡೆದುಕೊಂಡರು. ಆಮೇಲೆ ಆಗಲಿಲ್ಲ, ಬೀದಿಯ ನಡುವೆಯೇ ನಿಂತು, ಹೋಗಿ ಬರುವವರು ತಿರುತಿರುಗಿ ನೋಡುವಂತೆ ಎರಡೂ ಕೈ ಬೀಸಿ, ಕಣ್ಣು ಪೂರ್ತಿ ಸರಿಹೋಗುತ್ತದಂತೆ ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ಅವಳಿಗೆ ಹೇಳಿದರು.