ಬೋರ್ಡ್ ಮಾವನ ಕಣ್ಣಿನ ನರ

ನಮ್ಮ ಪೇಟೆಯ ಅಂಗಡಿಗಳ ಬೋರ್ಡುಗಳನ್ನೆಲ್ಲ ಬರೆದವರು ಒಬ್ಬರೇ. ಎಲ್ಲರೂ ಅವರನ್ನು ಬೋರ್ಡ್ ಮಾವ ಎಂದೇ ಕರೆಯುತ್ತಾರೆ. ಐವತ್ತು ದಾಟಿದ್ದರೂ ಬೀದಿಯ ಆ ತುದಿಯಲ್ಲಿ ಒಂದು ಒತ್ತಕ್ಷರ ಓರೆಯಾದರೆ ಈ ತುದಿಯಿಂದಲೇ ಹೇಳುತ್ತಿದ್ದರು. ಆದರೆ ಈಚೆಗೆ ಏಣಿ ಇಳಿಯುವಾಗ ಪಕ್ಕದ ಬಣ್ಣದ ಡಬ್ಬಿ ಒದೆಯುತ್ತಿದ್ದರು. ಬಾಗಿಲಿಗೆ ಭುಜ ಬಡಿಸಿಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಪಕ್ಕದಲ್ಲೇ ನಿಂತಿದ್ದ ಹೆಂಡತಿಗೇ ಡಿಕ್ಕಿ ಹೊಡೆದರು.

"ರೀ, ಇಷ್ಟು ದೊಡ್ಡ ಆಳು ನಿಂತಿದ್ದೀನಿ, ಕಾಣಲ್ವಾ?"

"ಮದುವೆಯಾಗಿ ಇಪ್ಪತ್ತೈದು ವರ್ಷ ಆಯ್ತು. ಇನ್ನೂ ನೋಡ್ತಾನೇ ಇರಬೇಕೇನೇ?"

ಮನೆಗೆ ಬಂದಿದ್ದ ತಂಗಿಯ ಮಗಳು ನಗಲಿಲ್ಲ. ಅವಳು ಕಣ್ಣಾಸ್ಪತ್ರೆಯಲ್ಲಿ ನರ್ಸ್.

"ಮಾವ, ನಾಳೆ ನನ್ನ ಜೊತೆ ಬಾ. ಕಣ್ಣಿನ ಒಳಗಡೆ ನೋಡಿಸೋಣ."

"ನನ್ನ ಕಣ್ಣಿಗೇನಾಗಿದೆ? ನೋವಿಲ್ಲ, ಉರಿಯಿಲ್ಲ. ಸುಮ್ನೆ ತಲೆ ತಿನ್ನಬೇಡ."

"ಕಣ್ಣಿನ ನರ ಸವೆಸೋ ಒಂದು ಕಾಯಿಲೆ ಇದೆ, ಅದು ನೋವು ಕೊಡಲ್ಲ ಮಾವ. ನೇರ ನೋಟ ಚೆನ್ನಾಗೇ ಇರುತ್ತೆ. ಪಕ್ಕದ ನೋಟ ಗೊತ್ತಾಗದ ಹಾಗೆ ಹೋಗ್ತಾ ಇರುತ್ತೆ. ನಿನ್ನಮ್ಮ, ನಮ್ಮ ಅಜ್ಜಿಗೂ ಹೀಗೇ ಅಲ್ವಾ ಶುರುವಾಗಿದ್ದು? ವಯಸ್ಸಾಯ್ತು ಅಂತ ನಾವು ಸುಮ್ಮನಿದ್ವಿ. ಕೊನೆಗೆ ಮುಖ ಸವರಿ ನನ್ನ ಗುರುತು ಹಿಡೀತಿದ್ರು."

ಮಾವ ಕುಂಚ ತೊಳೆದಿಟ್ಟರು. ಮರುದಿನ ಹೆಂಡತಿಯನ್ನೂ ಕರೆದುಕೊಂಡು ಹೊರಟರು.

ಆಸ್ಪತ್ರೆಯಲ್ಲಿ ಕಣ್ಣಿಗೆ ಔಷಧಿಯ ಹನಿ ಹಾಕಿದರು. ಪಾಪೆ ಅಗಲವಾದ ಮೇಲೆ ಡಾಕ್ಟರಮ್ಮ ಬೆಳಕು ಬಿಟ್ಟು ನೋಡಿದರು. ಕಣ್ಣಿನ ಹಿಂಭಾಗದ ಪರದೆಯ, ಅಂದರೆ ರೆಟಿನಾದ ಫೋಟೋ ತೆಗೆದು ತೋರಿಸಿದರು.

"ಈ ಹಳದಿ ಬಿಲ್ಲೆ ನೋಡಿ. ಕಣ್ಣಿಂದ ಮಿದುಳಿಗೆ ಹೋಗೋ ನರದ ತುದಿ ಇದು. ನಿಮ್ಮದರಲ್ಲಿ ನಡುವಿನ ಗುಳಿ ಅಗಲವಾಗಿದೆ. ನರ ಸವೆದಿರೋ ಹಾಗಿದೆ."

ಕಣ್ಣಿನ ಒತ್ತಡ ಅಳೆದರು, ಪಕ್ಕದ ನೋಟವನ್ನೂ ಪರೀಕ್ಷಿಸಿದರು. ಅನುಮಾನ ನಿಜವಾಯಿತು. ಗ್ಲಾಕೋಮಾ.

ಮಾವ ಕೇಳಿದರು, "ಮೇಡಂ, ಇನ್ನು ಬೋರ್ಡ್ ಬರೆಯೋ ಹಾಗಿಲ್ವಾ?"

"ಧಾರಾಳವಾಗಿ ಬರೀರಿ! ಹೋದ ನೋಟ ವಾಪಸ್ ಬರಲ್ಲ, ನಿಜ. ಆದ್ರೆ ಬೇಗ ಬಂದಿದ್ದೀರಿ, ಉಳಿದಿರೋದೇ ಜಾಸ್ತಿ. ಅದನ್ನ ಕಾಪಾಡೋಣ. ದಿನಾ ತಪ್ಪದೆ ಹನಿ ಹಾಕ್ಕೊಳ್ಳಿ. ಹೇಳಿದ ದಿನಕ್ಕೆ ಬಂದು ತೋರಿಸಿ. ನಿಮ್ಮ ಮನೆಯವರೆಲ್ಲರ ಕಣ್ಣೂ ನೋಡಿಸಿ."

ಹೊರಗೆ ಬಂದಾಗ ಹನಿಯಿಂದಾಗಿ ಅವರಿಗೆ ಎಲ್ಲ ಮಸುಕು ಮಸುಕು. ಹೆಂಡತಿ ಕೈ ಹಿಡಿದರು. "ಬನ್ನಿ, ಇವತ್ತೊಂದಿನ ನಾನು ಹೇಳಿದ ಹಾಗೆ ನಡೀರಿ."

"ಇವತ್ತೊಂದಿನಾನಾ?" ಎಂದು ಮಾವ ನಕ್ಕರು.

ಮುಂದಿನ ವಾರ ಅವರೇ ಮುಂದೆ ನಿಂತು ಅಣ್ಣನನ್ನು, ತಂಗಿಯನ್ನು ಆಸ್ಪತ್ರೆಗೆ ಎಳೆದೊಯ್ದರು. ಅಣ್ಣನ ಕಣ್ಣು ಚೆನ್ನಾಗಿತ್ತು. ತಂಗಿಯ ನರ ಆಗಷ್ಟೇ ಸವೆಯತೊಡಗಿತ್ತು, ಸರಿಯಾದ ಹೊತ್ತಿಗೆ ಸಿಕ್ಕಿಬಿತ್ತು. ಆರು ತಿಂಗಳ ಬಳಿಕ ಮಾವನ ಹೊಸ ಫೋಟೋವನ್ನು ಹಳೆಯದರ ಪಕ್ಕ ಇಟ್ಟು ಡಾಕ್ಟರಮ್ಮ, "ಸವೆತ ಒಂದು ಕೂದಲಷ್ಟೂ ಮುಂದುವರಿದಿಲ್ಲ" ಎಂದರು. ಮಾವ ಹೊಡೆದ ಚಪ್ಪಾಳೆಗೆ ಹೊರಗೆ ಕಾಯುತ್ತಿದ್ದವರೆಲ್ಲ ಒಳಗೆ ಇಣುಕಿದರು.

ನಿಮಗೆ ನಲವತ್ತು ದಾಟಿತೇ? ಸಕ್ಕರೆ ಕಾಯಿಲೆ ಇದೆಯೇ? ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇತ್ತೇ? ದೂರದ ಅಕ್ಷರ ಓದಿ ತೋರಿಸಿದರೆ ಸಾಲದು. ಕಣ್ಣಿನ ಹಿಂಭಾಗದ ನರವನ್ನೂ ಪರೀಕ್ಷಿಸಿ ಎಂದು ಬಾಯಿಬಿಟ್ಟು ಕೇಳಿ. ಹೋಗುವಾಗ ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಅವರ ಕಣ್ಣನ್ನೂ ತೋರಿಸಿ ಬನ್ನಿ. ಈ ವಾರವೇ ಹೊರಡಿ.